ಫೈಬರ್ ತಂತಿಯೂ ಗಂಗವ್ವನವರ ಮಾಳಿಗೆಯೂ

ಅಕ್ಕಿಆಲೂರಿನ ಹತ್ತಿರದ ಹಳ್ಳಿಯಲ್ಲಿ ನಾವು ಕೊಳ್ಳಬೇಕೆಂದಿದ್ದ ಮನೆ ಇವತ್ತು ಕೈತಪ್ಪಿಯೇ ಹೋಗುತ್ತಿತ್ತು, ಗೆಳೆಯರೇ. ಇಂಟರ್ನೆಟ್ಟಿನ ಫೈಬರ್ ತಂತಿ ಆ ಮನೆಗೆ ಬರಬೇಕಾದರೆ ಪಕ್ಕದ ಮನೆಯ ಗಂಗವ್ವನವರ ಮಾಳಿಗೆ ದಾಟಬೇಕು. ಅವರು ಒಪ್ಪಲಿಲ್ಲ.

"ಬ್ಯಾಡ ತಮ್ಮಾ, ಅಲ್ಲಿ ನಾ ಹಪ್ಪಳ ಒಣಗಸ್ತೇನಿ."

ಹಾಗಾದರೆ ಈ ಮನೆಯೇ ಬೇಡವೆಂದುಕೊಂಡೆ. ನನ್ನ ಹೆಂಡತಿಗೂ ಸವಣೂರಿನಲ್ಲಿರುವ ಅವಳ ಅಕ್ಕನಿಗೂ ಹುಟ್ಟಿನಿಂದ ಕಿವಿ ಕೇಳಿಸದು. ದಿನವೂ ವಿಡಿಯೊ ಕಾಲ್‌ನಲ್ಲಿ ಕೈಸನ್ನೆಯಿಂದ ಮಾತಾಡುತ್ತಾರೆ.

ಆಗಲೂ ಹೆಂಡತಿ ಅಂಗಳದಲ್ಲಿ ನಿಂತು ಅಕ್ಕನಿಗೆ ಮನೆ ತೋರಿಸುತ್ತಿದ್ದಳು. ಸಿಗ್ನಲ್ ಸಾಲದೆ ಮೊಬೈಲಿನಲ್ಲಿ ಚಿತ್ರ ನಿಂತುಹೋಯಿತು. ಅಕ್ಕ ಎತ್ತಿದ ಕೈ ಹಾಗೇ ಉಳಿಯಿತು. ಇವಳು ಪರದೆಯನ್ನೇ ನೋಡುತ್ತ ಕಾದಳು.

"ಯಾಕ ಹಂಗ ನಿಂತಾಳ?" ಗಂಗವ್ವ ಕೇಳಿದರು.

"ಅಕ್ಕ-ತಂಗಿ ಮಾತೆಲ್ಲಾ ಕೈಯಾಗ ಐತ್ರಿ ಯವ್ವಾ. ನೆಟ್ ನಿಂತ್ರ ಮಾತೂ ನಿಂತಂಗ."

ಗಂಗವ್ವ ತಮ್ಮ ಮಾಳಿಗೆಯ ಕಡೆ ಕೈ ತೋರಿಸಿದರು.

"ತಂತಿ ಎಳಸ್ಕೋ ತಮ್ಮಾ. ಹಪ್ಪಳ ಎಲ್ಲೆರ ಒಣಗ್ತಾವ."

ನಾನು ಮಾಲೀಕರ ಹತ್ತಿರ ಮನೆಯ ಮಾತು ಗಟ್ಟಿ ಮಾಡಿ ಬರುವಷ್ಟರಲ್ಲಿ ಗಂಗವ್ವ ಮತ್ತು ನನ್ನ ಹೆಂಡತಿ ಕಟ್ಟೆಯ ಮೇಲೆ ಕೂತು, ಕೈಯಲ್ಲೇ ಏನೇನೋ ಹೇಳಿಕೊಳ್ಳುತ್ತಿದ್ದರು. ನಡುನಡುವೆ ನನ್ನ ಕಡೆ ನೋಡಿ ನಗುತ್ತಿದ್ದರು.

ತಂತಿ ಬರುವ ಮೊದಲೇ ನನ್ನ ಸುದ್ದಿ ಪಕ್ಕದ ಮನೆ ತಲುಪಿದೆ.