ಅಣ್ಣನ ಹಸಿರು, ತಮ್ಮನ ಹಸಿರು

ಕೊರೋನಾ ಕಳೆದು ಮದುವೆ-ಮುಂಜಿ ಮತ್ತೆ ಜೋರಾದ ಕಾಲ. ಹೊನ್ನಾಳಿಯ ಬಣ್ಣದಂಗಡಿಯೊಂದರಲ್ಲಿ ನಾನು ಟಿಂಟಿಂಗ್ ಮಶೀನ್ ನೋಡಿಕೊಳ್ಳುತ್ತಿದ್ದೆ. ಬೇಸ್ ಎನ್ನುವ ಬಿಳಿ ಪೇಂಟಿಗೆ ಹನಿ ಲೆಕ್ಕದಲ್ಲಿ ಬಣ್ಣ ಬಿಟ್ಟು, ಗಿರಾಕಿ ಕೇಳಿದ ಶೇಡ್ ಮಾಡಿಕೊಡುವ ಕೆಲಸ. ಒಂದು ಕಂಪನಿಯ ಶೇಡ್ ಕಾರ್ಡ್ ಹಿಡಿದು ಬಂದು ಇನ್ನೊಂದು ಕಂಪನಿಯಲ್ಲಿ 'ಇದನ್ನೇ ಕೊಡ್ರಿ' ಅನ್ನುವವರು ದಿನಾ ಬರುತ್ತಾರೆ. ಹತ್ತಿರಕ್ಕೆ ತರಬಹುದು. ಆದರೆ ಬೇಸ್ ಬೇರೆ, ಹೊಳಪು ಬೇರೆ. ಎರಡನ್ನೂ ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಬಳಿದರೆ ಬೆಳಗಿನ ಬಿಸಿಲಿಗೆ ಎಲ್ಲ ಬಯಲಾಗುತ್ತದೆ.

ಒಂದು ದಿನ ಸಾಸ್ವೆಹಳ್ಳಿಯ ಚಂದ್ರಪ್ಪ, ಹಾಲೇಶ ಎಂಬ ಅಣ್ಣತಮ್ಮಂದಿರು ಬಂದರು. ಇಬ್ಬರ ಕೈಯಲ್ಲೂ ಗೋಡೆಯಿಂದ ಕೆತ್ತಿದ ಒಂದೊಂದು ಹಸಿರು ಬಣ್ಣದ ಚೂರು. ಬೇರೆಯಾದಾಗ ಮನೆಯ ಹಾಲ್‌ನ ಮಧ್ಯೆ ಅಡ್ಡಗೋಡೆ ಎಬ್ಬಿಸಿದ್ದರಂತೆ. ಈಗ ಚಂದ್ರಪ್ಪನ ಮಗಳ ನಿಶ್ಚಿತಾರ್ಥ. ಒಂದೇ ಹಾಲ್‌ನಲ್ಲಿ ಆಗಲಿ ಎಂದು ತಾಯಿ ಗಂಗಮ್ಮ ಹಟ ಹಿಡಿದಿದ್ದಕ್ಕೆ ಗೋಡೆ ಒಡೆಸಿದ್ದರು. ಒಡೆದ ಜಾಗದಲ್ಲಿ, ಹಾಲ್‌ನ ಗೋಡೆಯ ಮೇಲೆ, ಬೋಳು ಪಟ್ಟಿ ಉಳಿದಿತ್ತು. ಅದರ ಆಚೆ ಅಣ್ಣನ ಹಸಿರು, ಈಚೆ ತಮ್ಮನ ಹಸಿರು. ಅಣ್ಣನದು ಚನ್ನಗಿರಿಯಲ್ಲಿ ಕೊಂಡ ಒಂದು ಕಂಪನಿಯದು, ತಮ್ಮನದು ನಮ್ಮ ಅಂಗಡಿಯ ಇನ್ನೊಂದು ಕಂಪನಿಯದು. ತೀರಿಹೋದ ಅಪ್ಪ ಬಳಿಸಿದ್ದ ಬಣ್ಣವೇ ಇದು ಎಂದು ಇಬ್ಬರೂ ನೆನಪಿನ ಮೇಲೆ ತಂದು ಬಳಿಸಿದ್ದರು.

"ನಂದೇ ಅಪ್ಪ ಬಳಿಸಿದ್ ಬಣ್ಣ, ವೇಣಕ್ಕಾ. ನಡುವಿನ ಪಟ್ಟಿಗೂ ಅದೇ ಹಾಕ್ಬೇಕು" ಎಂದ ಚಂದ್ರಪ್ಪ.

"ಏನಣ್ಣಾ, ಅಪ್ಪನ ಬಣ್ಣ ನಿಂಗೊಬ್ಬನಿಗೇ ಗೊತ್ತೈತಾ? ನನ್ ಮಾತು ನಡೀಲಿಲ್ಲ ಅಂದ್ರೆ ನಾಳೆನೇ ಇಟ್ಟಿಗೆ ತರಿಸ್ತೀನಿ, ಗೋಡೆ ಮತ್ತೆ ಎಬ್ಬಿಸ್ತೀನಿ" ಎಂದ ಹಾಲೇಶ.

ಹಾಲೇಶ ತಮಾಷೆಗೆ ಹೇಳಿರಲಿಲ್ಲ, ಮುಖ ಕೆಂಪಾಗಿತ್ತು. ನಾನು ಸುಮ್ಮನಿರುವ ಜಾತಿಯವಳಲ್ಲ. "ನೆನಪಿನ ಮ್ಯಾಲೆ ಬಣ್ಣ ತಂದೋರು ನೀವು, ಜಗಳ ನನ್ ಕೌಂಟರ್ ಮುಂದಾ? ನಡೀರಿ, ಮೊದ್ಲು ಗೋಡೆ ನೋಡಾನ" ಎಂದು ಗದರಿದೆ. ಮರುದಿನ ಬಣ್ಣ ಅಳೆಯುವ ಪುಟ್ಟ ಯಂತ್ರವನ್ನು ಬ್ಯಾಗಿಗೆ ಹಾಕಿಕೊಂಡು ಸಾಸ್ವೆಹಳ್ಳಿ ಬಸ್ಸು ಹತ್ತಿದೆ. ಗಂಗಮ್ಮ ಚನ್ನಗಿರಿಯ ಮಗಳ ಮನೆಗೆ ಹೋಗಿದ್ದರು, ಸಿಮೆಂಟು ಧೂಳಿಗೆ ಕೆಮ್ಮು ಬರುತ್ತದೆಂದು.

ಪಟ್ಟಿಗೆ ಇನ್ನೂ ಗಿಲಾವು ಆಗಿರಲಿಲ್ಲ. ಅಡ್ಡಗೋಡೆ ಕಟ್ಟಿದ ಪುಣ್ಯಾತ್ಮ ಹಳೆಯ ಗೋಡೆಯನ್ನು ಕೆತ್ತದೆ, ಬಣ್ಣದ ಮೇಲೆಯೇ ಇಟ್ಟಿಗೆ ಕೂರಿಸಿದ್ದ. ಕೆಲಸ ಕಳಪೆ, ನನಗೆ ಮಾತ್ರ ಲಾಭವಾಯಿತು. ಸಿಮೆಂಟು ಕೆರೆದರೆ ಅಂಗೈಯಗಲ ಹಳೆಯ ಬಣ್ಣ ಹಾಗೇ ಕಂಡಿತು, ಬಿಸಿಲು ಹೊಗೆ ತಾಗದೆ. ಹಳದಿಗೆ ತಿರುಗಿದ ಪೇಲವ ಹಸಿರು. ಅಣ್ಣನದೂ ಅಲ್ಲ, ತಮ್ಮನದೂ ಅಲ್ಲ! ಇಬ್ಬರೂ ತಮ್ಮ ತಮ್ಮ ಚೂರನ್ನು ಅದರ ಪಕ್ಕ ಹಿಡಿದು ನೋಡಿದರು. ನನಗೆ ಒಳಗೊಳಗೇ ನಗು.

"ಹಂಗಾದ್ರೆ ಅಪ್ಪಂದೇ ಹಾಕ್ರಿ" ಎಂದ ಹಾಲೇಶ. ಚಂದ್ರಪ್ಪ ತಲೆಯಾಡಿಸಿದ.

"ಪಟ್ಟಿಗಷ್ಟೇ ಹಾಕಿದ್ರೆ ತ್ಯಾಪೆ ಹಾಕ್ದಂಗೆ ಕಾಣ್ತತೆ. ಮೂಲೆಯಿಂದ ಮೂಲೆಗೆ, ನಾಕೂ ಗೋಡೆ ಬಳೀಬೇಕು. ಇಬ್ರ ಹಸಿರೂ ಹೋಗ್ತತೆ, ಒಪ್ಪಿಗೇನಾ?" ಎಂದೆ.

ಒಪ್ಪಿದರು.

ಆ ಹಳೆಯ ಪೇಂಟಿನ ಕಂಪನಿ ಯಾವುದೋ ಯಾರಿಗೂ ಗೊತ್ತಿರಲಿಲ್ಲ. ಯಂತ್ರ ಹೇಳಿದ ಅಳತೆಗೆ ನಮ್ಮ ಕಂಪನಿಯ ಬೇಸಿನಲ್ಲಿ ಮಾಡಿದ ಮೊದಲ ಸ್ಯಾಂಪಲ್ ಹಗಲಲ್ಲಿ ಸರಿ ಕಂಡು, ಟ್ಯೂಬ್‌ಲೈಟಿನಲ್ಲಿ ನೀಲಿ ಹೊಡೆಯಿತು. ಅದಕ್ಕೇ ನಾನು ಯಂತ್ರದ ಮಾತನ್ನು ಅರ್ಧ ಮಾತ್ರ ನಂಬುವುದು. ಹಳದಿ ಒಂದಿಷ್ಟು ಏರಿಸಿದೆ, ಕಪ್ಪಿನ ಹನಿ ಇಳಿಸಿದೆ, ಹೊಳಪಿಲ್ಲದ ಬೇಸಿಗೆ ಬದಲಾಯಿಸಿದೆ. ಹಸಿ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಹಲಗೆಗೆ ಬಳಿದು, ಪೂರ್ತಿ ಒಣಗಿಸಿ, ಗೋಡೆಗೆ ಒತ್ತಿ ಹಿಡಿದಾಗ ಅಂಚೇ ಕಾಣಲಿಲ್ಲ. ಆ ಕ್ಷಣದ ಖುಷಿ ಏನು ಹೇಳಲಿ! ಪೇಂಟರು ಮೂಲೆಯಿಂದ ಮೂಲೆಗೆ ಎರಡು ಕೋಟ್ ಬಳಿದರು.

ನಿಶ್ಚಿತಾರ್ಥದ ಹಿಂದಿನ ದಿನ ಗಂಗಮ್ಮ ಬಂದರು. ನನ್ನನ್ನೂ ಕರೆಸಿದ್ದರು. ಅಪ್ಪನ ಬಣ್ಣ ನೋಡಿ ಅವ್ವ ಕಣ್ಣೀರು ಹಾಕುತ್ತಾಳೆಂದು ಮಕ್ಕಳಿಬ್ಬರೂ ಬಾಗಿಲ ಹತ್ತಿರ ಕಾಯುತ್ತಿದ್ದರು. ಗಂಗಮ್ಮ ಒಳಗೆ ಕಾಲಿಟ್ಟವರೇ ಮೂಗು ಮುರಿದರು.

"ಅಯ್ಯೋ, ಈ ಹಾಳ್ ಬಣ್ಣ ಎಲ್ಲಿಂದ ತಂದ್ರೋ? ಅಂಗಡ್ಯಾಗೆ ಉಳಿದಿದ್ದು ಇದೊಂದೇ ಅಂತ ತಂದು ಬಳಿಸಿದ್ರು ನಿಮ್ಮಪ್ಪ. ಒಂದಿನನಾದ್ರೂ ಅವರಿಗೆ ಸೇರ್ಲಿಲ್ಲ, ನಂಗೂ ಸೇರ್ಲಿಲ್ಲ!"

ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅಷ್ಟು ಕಷ್ಟಪಟ್ಟು ಹೊಂದಿಸಿದ್ದು ಯಾರಿಗೂ ಬೇಡದ ಬಣ್ಣವನ್ನಾ?

"ಬ್ಯಾರೆ ಬಳಿಸಾನೇನವ್ವಾ?" ಎಂದು ಕೇಳಿದ ಹಾಲೇಶ.

ಗಂಗಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತರು. "ಬ್ಯಾಡ, ಇರ್ಲಿ ಬಿಡು. ಇಷ್ಟು ವರ್ಷದಾಗೆ ನೀವಿಬ್ರೂ ಒಟ್ಟಿಗೆ ಹೂಂ ಅಂದಿದ್ದು ಇದೊಂದಕ್ಕೇ."

ಈಗಲೂ ಯಾರಾದರೂ ಬಣ್ಣದ ಚೂರು ಹಿಡಿದು ಬಂದರೆ, ಮಶೀನಿಗಿಡುವ ಮೊದಲು ಅವರನ್ನೇ ಕೇಳುತ್ತೇನೆ: "ಮನ್ಯಾಗೆ ಯಾರ್‍ಯಾರು ಒಪ್ಪಬೇಕು? ಅವರನ್ನೂ ಕರ್ಕಂಡ್ ಬರ್ರಿ."