ಸೇದುಬಾವಿಯ ಸಿಹಿನೀರು

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತವೆ. ಮೊನ್ನೆ ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯ ಸಂಪು ತೊಳೆದು ಪುಡಿ ಹಾಕಿದರು. ಅದು ಮೂಗಿಗೆ ಬಡಿದದ್ದೇ ತಡ, ಹಲಸೂರಿನ ವಠಾರ ಕಣ್ಣಮುಂದೆ ಬಂದು ನಿಂತಿತು. ಕಟ್ಟಡದ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಬಂದ ಅಪ್ಪ, ಅವ್ವ, ನಾನು, ನಾಲ್ಕು ವರ್ಷದ ತಂಗಿ ಶರಣಿ, ಎಲ್ಲರಿಗೂ ಅಲ್ಲಿ ಒಂದೇ ಕೋಣೆ. ಪಕ್ಕದ ಕೋಣೆಯಲ್ಲಿ ಹೊಲಿಗೆ ಮಾಡುವ ಜುಬೇದಾ ಖಾಲಾ ಇದ್ದರು. ಅಂಗಳದ ನಡುವೆ ಹಳೆಯ ಸೇದುಬಾವಿ. ಅದರ ನೀರು ನೆಲ್ಲಿಕಾಯಿ ತಿಂದ ಮೇಲೆ ಕುಡಿದ ನೀರಿನಷ್ಟು ಸಿಹಿ. ಹಗ್ಗ ಎಳೆದು ಎಳೆದು ನನ್ನ ಅಂಗೈ ಸದಾ ಉರಿಯುತ್ತಿತ್ತು, ಆದರೂ ನೀರು ಸೇದುವುದೆಂದರೆ ನನಗೆ ಖುಷಿಯೇ.

ಆ ಮಳೆಗಾಲದಲ್ಲಿ ನಲ್ಲಿಯ ನೀರಿಗೆ ಪುಡಿಯ ಘಾಟು ಹೆಚ್ಚಾಯಿತು. ಅವ್ವ ಮೂಸಿ ಮುಖ ಸಿಂಡರಿಸಿದಳು. "ಔಷಧಿ ನಾತ ಹೊಡೀತದ. ಕೂಸು ಕುಡದ್ರ ಹೊಟ್ಟಿ ಕೆಡ್ತದ. ಬಾವೀದೇ ತಗೊಂಬಾ." ಅಂದಿನಿಂದ ನಲ್ಲಿಯ ನೀರು ಬಟ್ಟೆಗೆ, ಬಾವಿಯ ನೀರು ಬಾಯಿಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಮಗೂ ಗೊತ್ತಿತ್ತು, ಆದರೆ ತಿಳಿಯಾದ ನೀರನ್ನು ಅನುಮಾನಿಸಲು ಯಾರೂ ಕಲಿಸಿರಲಿಲ್ಲ. ಬಾವಿಯ ಹಿಂದಿನ ಗೋಡೆಯಾಚೆ ಮೋರಿ ಒಡೆದಿತ್ತು. ಖಾಲಾ ಎರಡು ಸಲ ಪಾಲಿಕೆ ಕಚೇರಿಗೆ ಹೋಗಿ ಹೇಳಿ ಬಂದಿದ್ದರು, ನೋಡಲು ಯಾರೂ ಬಂದಿರಲಿಲ್ಲ. ರಸ್ತೆಯಾಚೆಯ ದೊಡ್ಡ ಮನೆಗಳಿಗೆ ನೀರಿನ ಕ್ಯಾನುಗಳ ಗಾಡಿ ಬರುತ್ತಿತ್ತು. ಅವರು ಯಾವ ನೀರನ್ನೂ ಮೂಸಿ ನೋಡಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ಶರಣಿಗೆ ವಾಂತಿಭೇದಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಗುಳಿಬಿದ್ದು, ತುಟಿಗಳು ಒಣಗಿ ಬಿಳಿಚಿಕೊಂಡವು. ಬಾವಿಯ ನೀರನ್ನೇ ಕುಡಿಯುತ್ತಿದ್ದ ಎದುರು ಕೋಣೆಯ ಇಬ್ಬರಿಗೂ ಹಾಗೇ ಆಗಿದೆಯೆಂದು ಗೊತ್ತಾದಾಗ ಖಾಲಾ ಬಾವಿಯತ್ತ ನೋಡಿದರು. ಅವ್ವನೂ ನೋಡಿದಳು. ಆಗ ಅವ್ವನ ಮುಖದಲ್ಲಿ ಕಂಡ ಭಯವನ್ನು ನಾನು ಮತ್ತೆಲ್ಲೂ ಕಂಡಿಲ್ಲ. "ಅವ್ವಾ, ನೀರು" ಎಂದು ಶರಣಿ ಒಂದೇ ಸಮನೆ ಕೇಳುತ್ತಿದ್ದಳು. ಅವ್ವ ತುಂಬಿದ ಚೊಂಬು ಹಿಡಿದು ನಿಂತೇ ಇದ್ದಳು. ಕೊಟ್ಟರೆ ಏನಾಗುವುದೋ, ಕೊಡದಿದ್ದರೆ ಏನಾಗುವುದೋ. ನಾನೇ ಸೇದಿ ತಂದ ನೀರು ಅದು.

"ಯಾಕಮ್ಮ ನಿಂತ್ಬಿಟ್ಟೆ? ಕಾಯ್ಸಿರೋ ನೀರು ಕುಡ್ಸು, ಬೇಗ!" ಎನ್ನುತ್ತ ಖಾಲಾ ಉಪ್ಪು ಸಕ್ಕರೆ ಕದಡಿದ ಲೋಟ ಹಿಡಿದು ಓಡಿ ಬಂದರು. ನಾಲ್ಕು ಚಮಚ ಒಳಗೆ ಹೋಯಿತು, ಅದೂ ಹೊರಗೆ ಬಂತು. ಆಟೋದಲ್ಲಿ ಶಿವಾಜಿನಗರದ ಆಸ್ಪತ್ರೆಗೆ ಒಯ್ಯುವಾಗ ದಾರಿಯುದ್ದಕ್ಕೂ ಶರಣಿ ನೀರು ಕೇಳಿದಳು. ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ಅವಳಿಲ್ಲದೆ ಮನೆಗೆ ಬಂದೆವು.

ಬಾವಿಯ ಮೇಲೆ ಚಪ್ಪಡಿ ಎಳೆದರು. ಕೆಲವು ವರ್ಷಕ್ಕೆ ವಠಾರವೂ ನೆಲಸಮವಾಯಿತು, ಈಗ ಅಲ್ಲಿ ನಾಲ್ಕು ಮಹಡಿಯ ಕಟ್ಟಡ ಎದ್ದಿದೆ. ಅಪ್ಪ, ಖಾಲಾ ಇಬ್ಬರೂ ತೀರಿಕೊಂಡರು. ನಮ್ಮವರಲ್ಲಿ ಆ ಅಂಗಳವನ್ನು ಕಂಡವರೆಂದರೆ ನಾನು ಮತ್ತು ಅವ್ವ, ಇಬ್ಬರೇ ಉಳಿದಿದ್ದೇವೆ. ಅವ್ವ ನನ್ನ ಜೊತೆಗೇ ಇದ್ದಾಳೆ. ನನ್ನ ಮಗಳಿಗೆ ರೊಟ್ಟಿ ತಟ್ಟಿ ಕೊಡುತ್ತಾಳೆ, ತಲೆ ಬಾಚುತ್ತಾಳೆ, ಕತೆ ಹೇಳಿ ಮಲಗಿಸುತ್ತಾಳೆ. ಆದರೆ ಮಗು "ಅಜ್ಜಿ, ನೀರು" ಎಂದರೆ ಮಾತ್ರ, ಕಾಯಿಸಿ ಸೋಸಿದ ನೀರು ಕೈಯಳತೆಯಲ್ಲೇ ಇದ್ದರೂ ಅದನ್ನು ಮುಟ್ಟದೆ ನನ್ನನ್ನು ಕೂಗುತ್ತಾಳೆ.