ಟ್ರೇ ಮೇಲಿನ ‘ನಾಟಿ’

ಕೋಲಾರದ ಹೊರಗಿನ ಒಂದು ಲ್ಯಾಬಿನಲ್ಲಿ ನಾನು ಟೊಮೇಟೊ ಎಲೆ ಮುದುಡಿಸುವ ವೈರಸ್ ಮೇಲೆ ಕೆಲಸ ಮಾಡುತ್ತಿದ್ದೆ. ವೈರಸ್ಸಿನಿಂದ ರೋಗ ತರುವ ತುಂಡನ್ನು ತೆಗೆದು, ಆ ಜಾಗಕ್ಕೆ ಗಿಡದ್ದೇ ಒಂದು ಜೀನಿನ ತುಣುಕು ಜೋಡಿಸಿ ಸಸಿಗೆ ಸೇರಿಸುತ್ತಿದ್ದೆವು. ಅದನ್ನೂ ವೈರಸ್ಸೆಂದೇ ತಿಳಿದು ಗಿಡ ತನ್ನ ಆ ಜೀನಿನ ಬಾಯಿ ತಾನೇ ಮುಚ್ಚಿಸುತ್ತದೆ. ಆಗ ಏನು ನಿಂತುಹೋಯಿತೆಂದು ನೋಡಿದರೆ ಜೀನಿನ ಕೆಲಸ ತಿಳಿಯುತ್ತದೆ. ತಿಳಿಯುತ್ತದೆ ಎನ್ನುವುದು ಪುಸ್ತಕದ ಮಾತು. ಯಾವ ಟ್ರೇ ಯಾವುದು ಅನ್ನುವುದರಲ್ಲೇ ನನ್ನ ತಲೆ ಅರ್ಧ ಕೆಡುತ್ತಿತ್ತು.

ಹೋಲಿಸಿ ನೋಡಲು, ಕೈ ಹಾಕದ ಮೂಲ ವೈರಸ್ ಇರುವ ಸಸಿಗಳೂ ಬೇಕು. ಗ್ರೀನ್‌ಹೌಸ್ ನೋಡಿಕೊಳ್ಳುತ್ತಿದ್ದ ಶ್ರೀನಿವಾಸಪುರದ ಅಕ್ಕನಿಗೆ ಇಂಗ್ಲಿಷ್ ಬಾರದು. ರೋಗವಿಲ್ಲದ ಸಸಿಗಳನ್ನು ಹೊರಗಿನ ಮಡಿಯಲ್ಲಿ ನೆಡುವುದೂ ಅವರ ಕೆಲಸವೇ. ಅವರಿಗೆ ಸುಲಭವಾಗಲೆಂದು ಕನ್ನಡದಲ್ಲೇ ಚೀಟಿ ಅಂಟಿಸಿದೆ: ತಿದ್ದಿದ ವೈರಸ್ಸಿನ ಟ್ರೇಗೆ ‘ಫಾರಂ’, ಮೂಲದ್ದಕ್ಕೆ ‘ನಾಟಿ’. ಫಾರಂ ಕೋಳಿ, ನಾಟಿ ಕೋಳಿ ಎನ್ನುವುದಿಲ್ಲವೇ, ಹಾಗೆ. ಭಾರೀ ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಬಂದರೆ ನಾಟಿ ಟ್ರೇ ಖಾಲಿ. ಸಸಿಗಳೆಲ್ಲ ಹೊರಗಿನ ಮಡಿಯಲ್ಲಿ ಸಾಲಾಗಿ ನಿಂತಿವೆ. ಬೇಲಿಯಾಚೆ ರೈತರ ಟೊಮೇಟೊ. ಒಂದು ಬಿಳಿ ನೊಣ ಇಲ್ಲಿ ಕೂತು ಅಲ್ಲಿಗೆ ಹಾರಿದರೆ ಸಾಕು, ರೋಗವೂ ಜೊತೆಗೆ ಹೋಗುತ್ತದೆ. ಕೂಲಿಗೆ ಬಂದಿದ್ದ ಹೆಂಗಸರೆಲ್ಲರ ಎದುರಿಗೆ ಅಕ್ಕನ ಮೇಲೆ ಕೂಗಾಡಿದೆ.

“ನೀನೇ ನಾಟಿ ಅಂತ ಬರ್ದಿದ್ಯಲ್ಲಮ್ಮ. ಅದಕ್ಕೇ ನಾಟಿ ಹಾಕ್ದೆ,” ಅಂದರು ಅಕ್ಕ.

ಸಸಿಗಳನ್ನು ಕಿತ್ತು, ಚೀಲದಲ್ಲಿ ಕಟ್ಟಿ, ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿದೆವು. ಅಷ್ಟರಲ್ಲಿ ನೊಣ ಹಾರಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕನನ್ನು ಕೆಲಸದಿಂದ ತೆಗೆಯುವ ಮಾತು ಬಂತು. ಧಾರವಾಡದ ಕಡೆಯವರಾದ ನಮ್ಮ ಸರ್ ಚೀಟಿ ತರಿಸಿ ಓದಿದರು.

“ನಾಟಿ ಅಂದ್ರ ಸಸಿ ಹಚ್ಚೋದಲ್ಲೇನ್ರಿ?”

ನಾನು ಕೋಳಿಯ ವಿಷಯ ಹೇಳಿದೆ.

“ಅದಕ್ಕ ನಾವು ಜವಾರಿ ಅಂತೀವಿ.”

ಹುಟ್ಟಿದಾಗಿನಿಂದ ಎರಡೂ ಅರ್ಥದಲ್ಲಿ ಆಡಿದ ಮಾತು, ಆ ಕ್ಷಣ ನನಗೆ ಯಾವ ಅರ್ಥದಲ್ಲೂ ಅರ್ಥವಾಗಲಿಲ್ಲ. ತಪ್ಪು ಯಾರದು? ಬರೆದವಳದೋ, ಓದಿದವಳದೋ? ಏನೇ ಆದರೂ ಚೀಟಿ ನನ್ನದು. ಹಾಗೆಂದು ಸರ್ ಎದುರು ಒಪ್ಪಿಕೊಂಡೆ. ಅಕ್ಕನ ಕೆಲಸ ಉಳಿಯಿತು.

ಸಂಜೆ ಅವರನ್ನು ಗ್ರೀನ್‌ಹೌಸಿನ ಹಿಂದಕ್ಕೆ ಕರೆದು, “ತಪ್ಪು ನಂದೇ ಅಕ್ಕ,” ಅಂದೆ.

“ಬೈದಿದ್ದು ಎಲ್ರ ಮುಂದೆ,” ಅಂದರು ಅಕ್ಕ. “ಇದನ್ನ ಮಾತ್ರ ಮೂಲೇಲಿ ಹೇಳ್ತೀಯಾ?”